ಕಡವಿನ ಕಲ್ಲುಗೂಡು

ಘಟ್ಟದ ದಾರಿ ಹೇಗಿದೆ ಎಂದು ಕೇಳುವವರಿಗೆ ನಾನು ಕೊಡುವುದು ಒಂದೇ ಉತ್ತರ. ಬೇಗ ಎದ್ದರೆ ಚೆನ್ನಾಗಿದೆ, ತಡವಾಗಿ ಎದ್ದರೆ ಚೆನ್ನಾಗಿಲ್ಲ. ಬೆನ್ನ ಮೇಲೆ ಅರ್ಧ ಸಂಸಾರ ಹೊತ್ತು ಬರುವ ಚಾರಣಿಗರಿಗೆ ಇದು ಸಾಲುವುದಿಲ್ಲ. ನಕ್ಷೆ ಬಿಡಿಸುತ್ತಾರೆ, ಫೋನಿನಲ್ಲಿ ಗೆರೆ ತೋರಿಸುತ್ತಾರೆ, ಗುಡ್ಡ ಕುಸಿದ ಕಡೆ ಕಾಲಿಡಲು ಜಾಗ ಇದೆಯೇ, ಘಟ್ಟದ ನೆತ್ತಿಯ ಮೇಲೆ ಹಿಮ ಉಳಿದಿದೆಯೇ, ಹೊಳೆ ಎಷ್ಟು ಆಳ ಎಂದು ಒಂದೇ ಸಮನೆ ಕೇಳುತ್ತಾರೆ. ಹೊಳೆಗೆ ಒಂದೇ ಆಳ ಇದ್ದರೆ ತಾನೇ ಹೇಳುವುದು? ಬೆಳಿಗ್ಗೆ ಮೊಣಕಾಲಿನವರೆಗೆ ಇರುತ್ತದೆ. ಬಿಸಿಲೇರಿ ಮೇಲಿನ ಹಿಮ ಕರಗತೊಡಗಿತೆಂದರೆ ಕುದುರೆಯ ಹೊಟ್ಟೆ ಮುಟ್ಟುತ್ತದೆ.

ಹೊಳೆ ದಾಟುವ ಕಡವಿನಲ್ಲಿ, ನೀರಿನ ನಡುವೆ, ಒಂದು ಕರಿಬಂಡೆಯಿದೆ. ತಲೆ ತಗ್ಗಿಸಿ ನಿಂತ ಟಗರಿನಂತೆ ಕಾಣುವುದರಿಂದ ಅದನ್ನು ಟಗರುಕಲ್ಲು ಎನ್ನುತ್ತೇವೆ. ಅದರ ಬೆನ್ನು ಕಂಡರೆ ನಡೆದೇ ದಾಟಬಹುದು. ತಲೆ ಮಾತ್ರ ಕಂಡರೆ ಕುದುರೆ ಬೇಕು. ತಲೆಯೂ ಮುಳುಗಿತೆಂದರೆ ವಾಪಸು ಬಂದು, ನನ್ನ ಅಡುಗೆಮನೆಯಲ್ಲಿ ಕೂತು, ಚೀಸ್ ತುಂಬಿದ ರೊಟ್ಟಿ ತಿಂದು ಮರುದಿನ ಹೋಗಬೇಕು. ನಮ್ಮ ಬೆಟ್ಟಸೀಮೆ ತುಶೇತಿಯ ಈ ಮೂಲೆಯಲ್ಲಿ ಹುಟ್ಟಿದ ಮಕ್ಕಳು ಅಕ್ಷರಕ್ಕಿಂತ ಮೊದಲು ಇದನ್ನು ಕಲಿಯುತ್ತಾರೆ. ಆದರೂ ಆ ಹೊಳೆ ನಮ್ಮ ಇಬ್ಬರು ಹುಡುಗರನ್ನು ನುಂಗಿತು.

ಮೊದಲನೆಯವನು ಲುಖುಮ್, ನನ್ನ ತಮ್ಮ ಶೇತೆಯ ಒಬ್ಬನೇ ಮಗ. ನಾನು ದಾರೋ. ಗಂಡ ತೀರಿಕೊಂಡ ಮೇಲೆ ತವರಿಗೆ ವಾಪಸು ಬಂದವಳು. ಅಷ್ಟು ಹೊತ್ತಿಗೆ ಶೇತೆಯ ಹೆಂಡತಿಯೂ ಕಣ್ಣು ಮುಚ್ಚಿದ್ದಳು, ಹಾಗಾಗಿ ಲುಖುಮನನ್ನು ಬೈದು, ಉಣಿಸಿ, ಬೆಳೆಸಿದವಳು ನಾನೇ. ಚಳಿಗಾಲಕ್ಕೆ ಎಲ್ಲರಂತೆ ಕುರಿಗಳ ಹಿಂದೆ ಕೆಳಗೆ ಬಯಲಿನ ಅಲ್ವಾನಿಗೆ ಇಳಿಯುತ್ತೇವೆ, ರಸ್ತೆಯ ಹಿಮ ಬಿಟ್ಟೊಡನೆ ಮೇಲಕ್ಕೆ ಬರುತ್ತೇವೆ. ಬೇಸಿಗೆಯಲ್ಲಿ ಲುಖುಮ್ ಕುದುರೆಯ ಮೇಲೆ ಚಾರಣಿಗರನ್ನು ಹೊಳೆ ದಾಟಿಸುತ್ತಿದ್ದ. ಒಂದು ದಿನ ಘಟ್ಟದ ಆಚೆ ಜಡಿಮಳೆ ಹೊಯ್ದದ್ದು ಈಚೆಗೆ ತಿಳಿಯಲಿಲ್ಲ. ಅವನು ನೀರಿಗೆ ಇಳಿದಿದ್ದಾಗಲೇ ಮೇಲಿನ ನೀರು ಬಂದುಬಿಟ್ಟಿತು. ಕುದುರೆ ಮನೆಗೆ ಬಂತು, ಅವನು ಬರಲಿಲ್ಲ.

ನಮ್ಮಲ್ಲಿ ದಾರಿಯಲ್ಲಿ ಸತ್ತವರಿಗೆ ಸತ್ತ ಜಾಗದಲ್ಲೇ ನೆನಪಿನ ಗೂಡು ಕಟ್ಟುತ್ತಾರೆ. ಶೇತೆಗೆ ಕಲ್ಲಿನ ಕೆಲಸ ಕರಗತ, ಗಾರೆಯಿಲ್ಲದೆ ಗೋಡೆ ಎಬ್ಬಿಸುತ್ತಾನೆ. ಕಡವಿನ ಈಚೆ ದಡದಲ್ಲಿ ಎದೆಯೆತ್ತರದ ಗೂಡು ಕಟ್ಟಿದ. ಮೇಲೆ ಚಪ್ಪಡಿಯ ಮಾಡು, ಒಳಗೆ ಲುಖುಮನ ಫೋಟೊ, ಒಂದು ಸೀಸೆ ದ್ರಾಕ್ಷಿಯ ಸಾರಾಯಿ, ಬೋರಲು ಹಾಕಿದ ಗ್ಲಾಸುಗಳು, ಪಕ್ಕದಲ್ಲಿ ಕೂರಲು ಕಲ್ಲುಬೆಂಚು. ಅಂಥ ಗೂಡಿನ ಮುಂದೆ ನಮ್ಮವರು ಸುಮ್ಮನೆ ಹಾದುಹೋಗುವಂತಿಲ್ಲ. ಕುದುರೆಯಿಂದ ಇಳಿಯಬೇಕು, ಟೋಪಿ ತೆಗೆಯಬೇಕು, ಸುರಿದುಕೊಂಡು ಸತ್ತವನ ಹೆಸರು ಹಿಡಿದು ನಾಲ್ಕು ಒಳ್ಳೆಯ ಮಾತು ಹೇಳಿ ಕುಡಿಯಬೇಕು. ಆಮೇಲೆ ಊರಿನ ಉಳಿದ ಸತ್ತವರ ಹೆಸರಲ್ಲಿ, ಆಮೇಲೆ ಬದುಕಿರುವವರ ಹೆಸರಲ್ಲಿ. ಅವಸರ ಮಾಡಿದರೆ ಸತ್ತವನಿಗೆ ಅವಮಾನ. ಗಟಗಟ ಕುಡಿದು ಎದ್ದುಹೋದವನನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ.

ಆ ಗೂಡು ನನ್ನ ತಮ್ಮನನ್ನು ಉಳಿಸಿತು. ಅದನ್ನು ಕಟ್ಟುವವರೆಗೆ ಅವನು ಅನ್ನ ನೀರು ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದ. ಕಟ್ಟಿದ ಮೇಲೆ ಒಂದು ಕೆಲಸ ಸಿಕ್ಕಂತಾಯಿತು. ದಿನಾ ಹೋಗಿ ಗ್ಲಾಸು ತೊಳೆಯುವುದು, ಸೀಸೆ ತುಂಬಿಸುವುದು, ನಾನು ಕಟ್ಟಿಕೊಟ್ಟ ರೊಟ್ಟಿ ಇಡುವುದು. ಘಟ್ಟದಿಂದ ಇಳಿದು ಬಂದವರು ಊರಿಗೆ ಕಾಲಿಡುತ್ತಿದ್ದಂತೆ ಎದುರಿಗೆ ಹೋಗಿ, ನಿಂತಿದ್ದಿರಾ, ಏನು ಹೇಳಿದಿರಿ ಎಂದು ವಿಚಾರಿಸುತ್ತಿದ್ದ. ಲುಖುಮ್ ಒಳ್ಳೆಯ ಹುಡುಗ, ಅವನ ಹಾಗೆ ಕುದುರೆ ನಡೆಸುವವನಿಲ್ಲ ಎಂದೆವು ಅಂತ ಯಾರಾದರೂ ಹೇಳಿದರೆ, ಅದನ್ನೇ ಮನೆಗೆ ತಂದು ನನಗೆ ಮತ್ತೆ ಮತ್ತೆ ಹೇಳುತ್ತಿದ್ದ. ಮಗನಿಗೆ ಯಾರೋ ಊಟ ಹಾಕಿ ಕಳಿಸಿದರು ಎನ್ನುವ ಥರ ಅವನ ಮುಖ ಅರಳುತ್ತಿತ್ತು. ನನಗೂ ಕೇಳಿ ಸಂತೋಷವಾಗುತ್ತಿತ್ತು. ಆ ಹೆಸರನ್ನು ನಾವಿಬ್ಬರೇ ಹೇಳಿಕೊಂಡಿದ್ದರೆ ಹುಚ್ಚು ಹಿಡಿಯುತ್ತಿತ್ತು.

ಲುಖುಮ್ ಹೋದ ಮೇಲೆ ದಾಟಿಸುವ ಕೆಲಸ ಗೊದೆರ್ಜಿಯ ಪಾಲಿಗೆ ಬಂತು. ಕೆಳಗಿನ ಕೇರಿಯ ಸಿದೋನಿಯಾಳ ಮಗ, ಲುಖುಮನ ಪ್ರಾಣಸ್ನೇಹಿತ. ಬಾಯಿ ಎಂದರೆ ಬಾಯಿ. ನನ್ನ ಬಾಗಿಲಲ್ಲಿ ಕುದುರೆ ನಿಲ್ಲಿಸಿ, ಇಳಿಯುವ ಮೊದಲೇ ಶುರು ಮಾಡುತ್ತಿದ್ದ.

"ಅತ್ತೆ, ನಿಮ್ಮ ರೊಟ್ಟಿ ತಿಂದ್ಮೇಲೆ ಈ ಕುದುರೆ ನನ್ನ ಹೊರಲ್ಲ ಅಂತ ಹಟ ಮಾಡ್ತಿದೆ."

"ಭಾರ ನನ್ನ ರೊಟ್ಟಿದಲ್ಲ ಕಣೋ, ನಿನ್ನ ನಾಲಿಗೇದು. ಅದನ್ನ ಮನೇಲಿಟ್ಟು ಬಾ."

ನಕ್ಕು ಇನ್ನೊಂದು ತುಂಡು ಎತ್ತಿಕೊಂಡು ಹೋಗುತ್ತಿದ್ದ. ಗೂಡಿನ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದವನು ಅವನೇ. ಫೋಟೊದ ಎದುರು ಕೂತು ಊರಿನ ಸುದ್ದಿಯನ್ನೆಲ್ಲ ಲುಖುಮನಿಗೆ ಒಪ್ಪಿಸುತ್ತಿದ್ದನಂತೆ. ಶೇತೆ ಇದನ್ನು ಕೇಳಿದಾಗಲೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದ. ಇನ್ನೊಬ್ಬ ಮಗ ಸಿಕ್ಕಿದ ಅಕ್ಕ, ಎನ್ನುತ್ತಿದ್ದ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಒಂದು ವರ್ಷ ಹಿಮ ಜಾಸ್ತಿ ಬಿದ್ದಿತ್ತು, ಬೇಸಿಗೆಯೂ ಹಾಗೆಯೇ ಸುಟ್ಟಿತು. ಗೊದೆರ್ಜಿ ಪೋಲೆಂಡಿನ ಗಂಡ ಹೆಂಡತಿ ಇಬ್ಬರನ್ನು ತನ್ನ ಮನೆಯಲ್ಲಿ ಇಳಿಸಿಕೊಂಡು, ಮರುದಿನ ಘಟ್ಟಕ್ಕೆ ಕರೆದೊಯ್ದ. ಮಧ್ಯಾಹ್ನ ನಾನು ಅಂಗಳದಲ್ಲಿ ಉಣ್ಣೆ ಒಣಗಿಸುತ್ತಿದ್ದೆ. ಅವನ ಕುದುರೆ ಒದ್ದೆ ಜೀನು ಜೋತಾಡಿಸಿಕೊಂಡು ಒಂದೇ ಬಂತು. ಇನ್ನೊಮ್ಮೆ ಇಂಥ ಕುದುರೆಯನ್ನು ನೋಡುವ ಶಕ್ತಿ ನನಗಿರಲಿಲ್ಲ, ಮುಖ ತಿರುಗಿಸಿಕೊಂಡೇ ಶೇತೆಯನ್ನು ಕೂಗಿದೆ.

ಚಾರಣಿಗರಿಬ್ಬರನ್ನೂ ಒಬ್ಬೊಬ್ಬರಾಗಿ ಆಚೆ ದಡಕ್ಕೆ ಮುಟ್ಟಿಸಿ, ಈಚೆ ಉಳಿದಿದ್ದ ಚೀಲಗಳನ್ನು ತರಲು ತಿರುಗಿ ಬರುವಾಗ ಕುದುರೆಯ ಕಾಲು ಜಾರಿತ್ತು. ಅವನ ದೇಹ ಬಹಳ ಕೆಳಗೆ, ಹೊಳೆಯ ತಿರುವಿನಲ್ಲಿ ಸಿಕ್ಕಿತು. ಚಾರಣಿಗರು ಆ ರಾತ್ರಿ ಆಚೆಯೇ ನಡುಗುತ್ತ ಕೂತಿದ್ದರು, ಬೆಳಿಗ್ಗೆ ನೀರಿಳಿದ ಮೇಲೆ ನಮ್ಮ ಗಂಡಸರು ಹೋಗಿ ಕರೆತಂದು ನನ್ನ ಒಲೆಯ ಮುಂದೆ ಕೂರಿಸಿದರು.

ಊರೆಲ್ಲ ಅವರಿಬ್ಬರನ್ನೇ ಶಪಿಸುತ್ತಿತ್ತು. ಸೋಮಾರಿಗಳು, ಹೊತ್ತೇರುವವರೆಗೆ ಮಲಗಿದ್ದು ನಮ್ಮ ಹುಡುಗನನ್ನು ತುಂಬಿದ ಹೊಳೆಗೆ ತಳ್ಳಿದರು ಎಂದು. ನಾನೂ ಹಲ್ಲು ಕಚ್ಚಿಕೊಂಡೇ ಚಹಾ ಕೊಟ್ಟೆ. ಹೆಂಗಸು ಅಳುತ್ತಿದ್ದಳು. ಅವಳಿಗೆ ಅಷ್ಟಿಷ್ಟು ರಷ್ಯನ್ ಬರುತ್ತಿತ್ತು, ನಮಗೂ ಶಾಲೆಯಲ್ಲಿ ಕಲಿತದ್ದು ಮರೆತಿರಲಿಲ್ಲ. ಶೇತೆ ಅವಳ ಎದುರು ಕೂತು, ಬೇಗ ಹೊರಡಬಾರದಿತ್ತೇ ತಾಯಿ, ಎಂದ. ಅವಳು ಅಲ್ಲವೆಂದು ತಲೆಯಾಡಿಸಿದಳು. ಬೇಗನೇ ಹೊರಟಿದ್ದೆವು, ಎಂದಳು. ನಂಬಿಕೆಗೆ ಫೋನು ತೆಗೆದು ಒಂದು ಚಿತ್ರ ತೋರಿಸಿದಳು.

ನಾನೂ ಬಗ್ಗಿ ನೋಡಿದೆ. ಗೊದೆರ್ಜಿ ಟೋಪಿ ತೆಗೆದು, ಗ್ಲಾಸು ಎತ್ತಿ ಹಿಡಿದು, ಗೂಡಿನ ಮುಂದೆ ನಗುತ್ತ ನಿಂತಿದ್ದ. ಅವನ ಹೆಗಲಿನ ಹಿಂದೆ ಹೊಳೆ. ಹೊಳೆಯ ನಡುವೆ ಟಗರುಕಲ್ಲು, ಬೆನ್ನು ಪೂರ್ತಿ ಒಣಗಿ ನಿಂತಿತ್ತು. ಒಂದು ಕುರಿಮರಿ ಕೂಡ ದಾಟಬಹುದಾದ ನೀರು.

ಶೇತೆ ಆ ಚಿತ್ರದಿಂದ ಕಣ್ಣು ಕೀಳಲಿಲ್ಲ. ಆಮೇಲೆ, ಎಷ್ಟು ಹೊತ್ತು ಕೂತಿದ್ದಿರಿ ಎಂದು ಮೆಲ್ಲಗೆ ಕೇಳಿದ. ಬಿಸಿಲು ಬೆಂಚಿಗೆ ಬಂದು, ನಾವು ಸ್ವೆಟರ್ ಬಿಚ್ಚಿದೆವು, ಎಂದಳು ಅವಳು. ಅವನು ಫೋಟೊದ ಜೊತೆ ಮಾತಾಡುತ್ತಲೇ ಇದ್ದನಂತೆ. ಉಂಗುರದ ಬೆರಳು ತೋರಿಸಿ ತೋರಿಸಿ ನಗುತ್ತಿದ್ದನಂತೆ, ನಡುವೆ ಅಳುತ್ತಿದ್ದನಂತೆ, ಇವರಿಗೂ ಸುರಿದು ಕೊಡುತ್ತಿದ್ದನಂತೆ. ಹೊರಡೋಣ ಎನ್ನಲು ತಮಗೆ ಬಾಯಿ ಬರಲಿಲ್ಲ, ಅಷ್ಟು ಪ್ರೀತಿಯಿಂದ ಮಾತಾಡುವವನನ್ನು ಎಬ್ಬಿಸುವುದು ಹೇಗೆ, ಎಂದಳು. ಹಿಂದಿನ ವಾರವಷ್ಟೇ ಗೊದೆರ್ಜಿಗೆ ಹೆಣ್ಣು ಗೊತ್ತಾಗಿತ್ತು. ಅದನ್ನು ಅವನು ಲುಖುಮನಿಗೆ ಹೇಳುತ್ತಿದ್ದ.

ಶೇತೆ ಫೋನನ್ನು ಅವಳ ಕೈಯಲ್ಲಿಟ್ಟು ಎದ್ದು ಹೊರಗೆ ಹೋದ. ಈ ಮಾತು ಇನ್ನಾರಿಗೂ ಹೇಳಬೇಡ ಎಂದು ಅವನೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಊರು ಪರದೇಶದವರನ್ನು ಬೈಯುತ್ತಲೇ ಇತ್ತು. ನಾವಿಬ್ಬರೂ ಬಾಯಿಗೆ ಬೀಗ ಹಾಕಿಕೊಂಡೆವು.

ಗೊದೆರ್ಜಿ ಸತ್ತ ನಲವತ್ತನೆಯ ದಿನದ ಊಟಕ್ಕೆ ಊರಿಗೆ ಊರೇ ಸಿದೋನಿಯಾಳ ಅಂಗಳದಲ್ಲಿ ಕೂತಿತ್ತು. ಅವಳು ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆಯಲ್ಲಿ ಬಂದು, ಎಲ್ಲರ ಎದುರು ನನ್ನ ತಮ್ಮನ ಮುಂದೆ ನಿಂತಳು.

"ಶೇತೆಯಣ್ಣ, ನಿನ್ನ ಕೈಯಲ್ಲಿ ಕಲ್ಲು ಮಾತು ಕೇಳುತ್ತೆ. ಲುಖುಮನ ಗೂಡಿನ ಪಕ್ಕದಲ್ಲೇ ನನ್ನ ಮಗನಿಗೂ ಒಂದು ಕಟ್ಟಿಕೊಡು. ಇಬ್ರೂ ಜೊತೇಲೇ ಇರಲಿ."

ಅದಕ್ಕೆ ಇಲ್ಲ ಎಂದವರು ನಮ್ಮಲ್ಲಿ ಹುಟ್ಟಿಲ್ಲ. ಶೇತೆ ತಲೆ ತಗ್ಗಿಸಿ ಕೂತ. ದುಃಖಕ್ಕೆ ಮಾತು ಬಾರದೆ ಒಪ್ಪಿಕೊಂಡ ಎಂದು ಎಲ್ಲರೂ ತಿಳಿದುಕೊಂಡರು, ಅವನ ಗ್ಲಾಸು ತುಂಬಿದರು.

ಅಲ್ಲಿಂದ ಮುಂದಕ್ಕೆ ಅವನು ಪ್ರತಿ ಬೆಳಿಗ್ಗೆ ಸುತ್ತಿಗೆ ಹೆಗಲಿಗೇರಿಸಿ ಹೊರಡುವುದು, ಸಂಜೆ ಒಂದು ಕಲ್ಲನ್ನೂ ಒಡೆಯದೆ ಬರುವುದು. ಸೀಸೆ ತುಂಬಿಸುವುದನ್ನು ಬಿಟ್ಟಿದ್ದ. ಆದರೆ ಹಾದುಹೋಗುವವರು ತಮ್ಮದೇ ಸೀಸೆ ತಂದು ಕೂರುತ್ತಿದ್ದರು, ಈಗಂತೂ ಎರಡು ಹೆಸರು ಹೇಳಬೇಕಲ್ಲ, ಇನ್ನೂ ಹೆಚ್ಚು ಹೊತ್ತು. ಒಂದು ಸಂಜೆ ನನಗೆ ತಡೆಯಲಾಗಲಿಲ್ಲ.

"ಕಟ್ಟೋದಾದ್ರೆ ಕಟ್ಟು. ಇಲ್ಲಾಂದ್ರೆ ಅವಳ ಹತ್ರ ಹೋಗಿ ಬಾಯಿ ಬಿಡು. ಹಿಂಗೆ ದಿನಾ ಸಾಯಬೇಡ."

"ಏನಂತ ಬಾಯಿ ಬಿಡ್ಲಿ ಅಕ್ಕ? ನಿನ್ನ ಮಗನ್ನ ನನ್ನ ಮಗ ಹಿಡಿದು ಕೂರಿಸಿಕೊಂಡ ಅಂತಲಾ?"

"ಅವನನ್ನ ಕೊಂದಿದ್ದು ಹೊಳೆ ಕಣೋ."

"ಹೊಳೆ ಅವನಿಗೆ ದಾರಿ ಬಿಟ್ಟಿತ್ತು. ನೀನೂ ನೋಡಿದೆಯಲ್ಲ."

ನೋಡಿದ್ದೆ. ಅದಕ್ಕೇ ನನಗೂ ನಿದ್ದೆ ಇರಲಿಲ್ಲ. ಆದರೂ ಸುಮ್ಮನಿರಲಾರದೆ, ಗೂಡನ್ನು ಆಚೆ ದಡಕ್ಕೆ ಸಾಗಿಸಿಬಿಡು, ದಾಟಿದ ಮೇಲೆ ಎಷ್ಟು ಬೇಕಾದರೂ ಕೂರಲಿ, ಎಂದೆ. ಆ ಕಡೆಯಿಂದ ಇಳಿದು ಬರುವವರು ಮನುಷ್ಯರಲ್ಲವಾ ಎಂದ. ಹಾಗಾದರೆ ಊರಿಗೇ ತಂದುಬಿಡು, ನನ್ನ ಬಾಗಿಲಲ್ಲೇ ಇರಲಿ, ಎಂದೆ. ಶೇತೆ ನನ್ನನ್ನು ಏನೂ ತಿಳಿಯದ ಮಗುವನ್ನು ನೋಡುವಂತೆ ನೋಡಿದ.

"ಅವನು ಹೋಗಿದ್ದು ಇಲ್ಲಲ್ಲವಲ್ಲ ಅಕ್ಕ. ಇಲ್ಲಿ ಕಟ್ಟಿದ್ರೆ ಅದು ಬರೀ ಕಲ್ಲು."

ಮರುದಿನ ಅವನು ಸುತ್ತಿಗೆ ತೆಗೆದುಕೊಳ್ಳಲಿಲ್ಲ. ಒಗೆದ ಅಂಗಿ ಹಾಕಿಕೊಂಡು, ಜೊತೆಗೆ ಬಾ ಎಂದ. ಕೆಳಗಿನ ಕೇರಿಗೆ ಹೋದೆವು. ಸಿದೋನಿಯಾ ಹಾಲು ಕರೆದು ಬರುತ್ತಿದ್ದಳು. ಬಿಂದಿಗೆ ಕೆಳಗಿಡುವುದಕ್ಕೂ ಬಿಡದೆ ಶೇತೆ ಎಲ್ಲ ಹೇಳಿಬಿಟ್ಟ. ಒಣಗಿದ ಟಗರುಕಲ್ಲು, ಬೆಂಚಿಗೆ ಬಂದ ಬಿಸಿಲು, ಉಂಗುರದ ಬೆರಳು. ಪರದೇಶದವರ ತಪ್ಪಿಲ್ಲ, ನಾನು ಕಟ್ಟಿದ ಗೂಡೇ ಅವನನ್ನು ಹಿಡಿದುಕೊಂಡಿತು, ಎಂದ. ಅವಳು ಕೂಗಾಡುತ್ತಾಳೆ, ಮುಖಕ್ಕೆ ಉಗಿಯುತ್ತಾಳೆ ಎಂದು ನಾನು ಅವನ ತೋಳು ಹಿಡಿದೇ ನಿಂತಿದ್ದೆ.

ಅವಳು ಬಿಂದಿಗೆ ಇಳಿಸಿ, ಲಂಗದ ಅಂಚಿನಲ್ಲಿ ಕೈ ಒರೆಸಿಕೊಂಡಳು.

"ನಂಗೊತ್ತು," ಎಂದಳು. "ಕತ್ತಲಿರುವಾಗಲೇ ಎಬ್ಬಿಸಿ ಕಳಿಸಿದವಳು ನಾನೇ ಅಲ್ವಾ? ಯಾರೂ ನನ್ನ ಕೇಳಲಿಲ್ಲ. ಎಲ್ರೂ ಆ ಪಾಪದೋರನ್ನ ಬೈತಾ ಇದ್ರು, ನಾನೂ ಸುಮ್ನಿದ್ದೆ."

"ಗೊತ್ತಿದ್ದೂ ಗೂಡು ಕಟ್ಟು ಅಂದ್ಯಾ?"

"ಇನ್ನೇನು ಕೇಳಲಿ ಶೇತೆಯಣ್ಣ? ಮದುವೆ ಆಗಿರಲಿಲ್ಲ, ಮಕ್ಕಳಿಲ್ಲ. ದಾರೀಲಿ ಹೋಗೋರು ಅವನ ಹೆಸರು ಹೇಳದೇ ಇದ್ರೆ ಇನ್ಯಾರು ಹೇಳ್ತಾರೆ? ನಿನ್ನ ಮಗನ ಹೆಸರನ್ನ ಇಷ್ಟು ವರ್ಷ ಹೇಳಿದಾರೆ. ನಂಗೂ ಒಂದೆರಡು ವರ್ಷ ಕೇಳೋ ಆಸೆ."

ಆ ಆಸೆ ಏನೆಂದು ನಮ್ಮಿಬ್ಬರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನು ಹೇಳಿದರೆ ಕಟ್ಟುತ್ತೇನೆ, ಎಂದ ಶೇತೆ. ಹೇಳಬೇಡ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ಹೇಳಲಿ ಎಂದೂ ಬೇಡಿಕೊಂಡೆ. ಅವಳು ಹಾಲನ್ನು ಒಳಗಿಟ್ಟು, ಬಾಗಿಲು ಎಳೆದುಕೊಂಡು, ನಮಗಿಂತ ಮುಂದೆ ಹೊಳೆಯ ದಾರಿ ಹಿಡಿದಳು. ಗುಡ್ಡ ಕುಸಿದ ಕಡೆ ನಾನು ಕಲ್ಲು ಹಿಡಿದು ಕೂತು ಕೂತು ದಾಟಿದೆ, ಅವಳು ನೆಟ್ಟಗೆ ನಡೆದುಹೋದಳು.

ಕಡವಿನಲ್ಲಿ ಇಬ್ಬರು ಕುರಿಗಾಹಿಗಳು ಬೆಂಚಿನ ಮೇಲೆ ಕೂತಿದ್ದರು. ಕುದುರೆಗಳು ಪಕ್ಕದಲ್ಲಿ ಮೇಯುತ್ತಿದ್ದವು. ನಮ್ಮನ್ನು ನೋಡಿ ಎದ್ದು ನಿಂತು, ಗ್ಲಾಸು ತುಂಬಿ, ಲುಖುಮನ ಹೆಸರು ಹೇಳಿ, ಗೊದೆರ್ಜಿಯ ಹೆಸರು ಹೇಳಿದರು. ಮಗನ ಹೆಸರು ಕೇಳಿ ಸಿದೋನಿಯಾ ಕಣ್ಣು ಮುಚ್ಚಿಕೊಂಡಳು. ತೆರೆದಾಗ ನೋಡಿದ್ದು ಅವರನ್ನಲ್ಲ, ಹೊಳೆಯನ್ನು. ಟಗರಿನ ಬೆನ್ನು ಆಗಲೇ ಮುಳುಗಿತ್ತು.

"ಸಾಕು, ದಾಟ್ರಪ್ಪ," ಎಂದಳು. "ನಿಮಗೂ ತಾಯಂದಿರಿದ್ದಾರೆ."

ಅವರು ಆಚೆ ದಡ ಹತ್ತುವವರೆಗೆ ಅವಳು ಅಲ್ಲಾಡಲಿಲ್ಲ. ಆಮೇಲೆ ಶೇತೆಯ ಕಡೆ ತಿರುಗಿ, ಮೊದಲ ಕಲ್ಲು ನಾನೇ ತೆಗೆಯುತ್ತೇನೆ, ನಿನ್ನ ಕೈಯಲ್ಲಿ ಆಗುವುದಿಲ್ಲ, ಎಂದಳು. ಲುಖುಮನ ಫೋಟೊವನ್ನು ಎತ್ತಿ, ತಲೆವಸ್ತ್ರದ ಅಂಚಿನಿಂದ ಧೂಳೊರೆಸಿ ನನ್ನ ಕೈಗೆ ಕೊಟ್ಟಳು. ಚಪ್ಪಡಿಯನ್ನು ಇಬ್ಬರೂ ಸೇರಿ ಇಳಿಸಿದರು. ಯಾರೂ ಮತ್ತೆ ಕಟ್ಟದಿರಲಿ ಎಂದು ಶೇತೆ ಒಂದೊಂದೇ ಕಲ್ಲನ್ನು ಹೊಳೆಗೆ ಹಾಕಿದ. ಪ್ರತಿ ಕಲ್ಲನ್ನೂ ಎತ್ತಿ ಹೇಗೆ ಕೂರಿಸಿದ್ದನೋ ಹಾಗೆಯೇ, ಎರಡೂ ಕೈಯಲ್ಲಿ ಹಿಡಿದು ಹಾಕಿದ. ನಾನು ಫೋಟೊವನ್ನು ಎದೆಗೊತ್ತಿಕೊಂಡು ಅತ್ತೆ. ಮೊದಲ ಸಲ ಅವನನ್ನು ಹೊಳೆ ಕಿತ್ತುಕೊಂಡಿತ್ತು, ಈ ಸಲ ನಾವೇ ಕೊಟ್ಟೆವು ಎನ್ನಿಸಿತು.

ಊರು ಇದನ್ನು ಸುಲಭಕ್ಕೆ ನುಂಗಿಕೊಳ್ಳಲಿಲ್ಲ. ಶೇತೆಗೆ ತಲೆ ಕೆಟ್ಟಿದೆ ಎಂದರು, ಸಿದೋನಿಯಾ ಕಲ್ಲೆದೆಯವಳು ಎಂದರು, ಅಲ್ವಾನಿಯಲ್ಲಿ ಚಳಿಗಾಲವಿಡೀ ಹಿರಿಯರು ನನ್ನ ತಮ್ಮನ ನಮಸ್ಕಾರಕ್ಕೆ ಮುಖ ತಿರುಗಿಸಿದರು. ಸತ್ತವರ ಗೂಡು ಕಿತ್ತವನು ಎಂದು ಬೆನ್ನ ಹಿಂದೆ ಹೇಳುವುದು ನನ್ನ ಕಿವಿಗೂ ಬಿತ್ತು. ಆಡಿದವರ ಮನೆಗೇ ಹೋಗಿ ನಾನು ಚೆನ್ನಾಗಿ ಬೈದು ಬಂದೆ. ಅದರಿಂದ ಏನೂ ಆಗಲಿಲ್ಲ, ನನ್ನ ಹೊಟ್ಟೆ ಸ್ವಲ್ಪ ತಣ್ಣಗಾಯಿತು, ಅಷ್ಟೇ.

ಮರುವರ್ಷ ಮೇಲಕ್ಕೆ ಬಂದಾಗ ಕಡವಿನ ಸುತ್ತ ಹುಲ್ಲು ಎದ್ದಿತ್ತು. ಗೂಡು ಇದ್ದ ಕಡೆ ಮಾತ್ರ ಚೌಕಾಕಾರದ ಬರಿ ಮಣ್ಣು. ಶೇತೆ ದಿನಾ ಬೆಳಕು ಹರಿಯುವ ಮೊದಲು ಅಲ್ಲಿಗೆ ಹೋಗಿ ಕೂರುತ್ತಾನೆ, ಟಗರಿನ ತಲೆ ಮುಳುಗಿದ ಮೇಲೆ ಏಳುತ್ತಾನೆ. ಕೆಲವು ದಿನ ಸಿದೋನಿಯಾಳೂ ಬಂದು ಕೂರುತ್ತಾಳೆ. ಅಭ್ಯಾಸಬಲದಿಂದ ಯಾವನಾದರೂ ಕುದುರೆಯಿಂದಿಳಿದು ಟೋಪಿಗೆ ಕೈ ಹಾಕಿದರೆ, ಶೇತೆ ಎದ್ದು ಹೋಗಿ ಅವನ ಕುದುರೆಯ ಲಗಾಮು ಹಿಡಿದು ತಾನೇ ನೀರಿಗೆ ಇಳಿಸುತ್ತಾನೆ. ಊರಿಗೆ ಬಂದವರನ್ನು ಏನು ಹೇಳಿದಿರಿ ಎಂದು ಕೇಳುವುದನ್ನು ಬಿಟ್ಟಿದ್ದಾನೆ. ಮನೆಯಲ್ಲಿ ಗೋಡೆಯ ಮೇಲೆ ಫೋಟೊ ಇದೆ, ನಾವಿಬ್ಬರೂ ಅದರ ಕೆಳಗೆ ಉಣ್ಣುತ್ತೇವೆ.

ಮೊನ್ನೆ ನಾನು ಅವರಿಬ್ಬರಿಗೆ ರೊಟ್ಟಿ ಕೊಡಲು ಹೋಗಿದ್ದೆ. ಟಗರಿನ ಬೆನ್ನು ಒಣಗಿತ್ತು. ನಾಲ್ಕಾರು ಚಾರಣಿಗರು ಬಂದರು, ಚಿಕ್ಕ ವಯಸ್ಸಿನವರು, ಲುಖುಮನ ವಯಸ್ಸಿನವರೇ. ಬೂಟು ಬಿಚ್ಚಿ ಕೊರಳಿಗೆ ಹಾಕಿಕೊಳ್ಳುತ್ತಿದ್ದಾಗ ಅವರಲ್ಲೊಬ್ಬಳು ಆ ಬರಿ ಮಣ್ಣನ್ನು ನೋಡಿ ನಿಂತಳು. ಪೂರ್ವದಿಂದ ಬಿಸಿಲು ಏರುತ್ತಿತ್ತು. ಇಲ್ಲಿ ಮೊದಲು ಏನಿತ್ತು ಎಂದು ಕೇಳಿದಳು. ಕುತೂಹಲದ, ಒಳ್ಳೆಯ ಮುಖದ ಹುಡುಗಿ. ಹೇಳಿದ್ದರೆ ಚೀಲ ಇಳಿಸಿ ಕೂತು ಕೇಳುತ್ತಿದ್ದಳು, ಹೆಸರನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು.

ಸಿದೋನಿಯಾ ಮುಖವನ್ನು ಅತ್ತ ತಿರುಗಿಸಿದಳು. ಶೇತೆ ಆ ಹುಡುಗಿಯ ಮುಖವನ್ನೇ ನೋಡಿದ.

"ಏನೂ ಇರಲಿಲ್ಲಮ್ಮ," ಎಂದ. "ನೀರು ಕಮ್ಮಿ ಇದೆ. ಈಗಲೇ ದಾಟಿ."

ಅವರು ಕೈಕೈ ಹಿಡಿದುಕೊಂಡು, ತಣ್ಣೀರಿಗೆ ಕಿರುಚುತ್ತ ನಗುತ್ತ ದಾಟಿ, ಆಚೆ ದಡದಲ್ಲಿ ಬೂಟು ಹಾಕಿಕೊಂಡು ಹೋದರು. ನಾನು ರೊಟ್ಟಿಯ ಗಂಟು ಬಿಚ್ಚಿ ಮೂರು ಪಾಲು ಮಾಡಿದೆ.